ಇನಿಷಿಯಲ್ಲು, ಅಂಕಪಟ್ಟಿ ಮತ್ತು ಪರದೇಶ

ನಿವೃತ್ತನಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಅವರಿಗೆ ಬೇಕಾದದ್ದು ಹೆಸರು ಸರಿಪಡಿಸಿಕೊಳ್ಳುವ ದಾರಿ. ಪರದೇಶದಲ್ಲಿ ನೆಲಸಲು ಹೊರಟವರ ಪ್ರಯಾಣ ಎಷ್ಟೋ ಸಲ ನಮ್ಮ ಶಾಲೆಯ ದಾಖಲಾತಿ ಪುಸ್ತಕದಿಂದಲೇ ಆರಂಭವಾಗುತ್ತದೆ ಎಂಬುದನ್ನು ನಾನು ಇವರಿಂದ ಕಲಿತೆ.

ನಮ್ಮ ಕಡೆಯ ಹೆಸರಿನ ಕ್ರಮ ನಿಮಗೆಲ್ಲ ಗೊತ್ತೇ ಇದೆ. ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು, ಕೊನೆಗೆ ಮಗುವಿನ ಸ್ವಂತ ಹೆಸರು. ಹಾಜರಿ ಕರೆಯುವಾಗ ಇದರಿಂದ ಯಾವ ತೊಡಕೂ ಆಗಲಿಲ್ಲ. ಆದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲುಗಳನ್ನು ಬಿಡಿಸಿಯೇ ಬರೆಯಬೇಕು. ಅಲ್ಲಿರುವುದು ಸ್ವಂತ ಹೆಸರಿಗೊಂದು, ಮನೆತನದ ಹೆಸರಿಗೊಂದು ಅಂಕಣ. ಮನೆತನದ ಹೆಸರೇ ಇಲ್ಲದವರು ಏನು ಬರೆಯಬೇಕು? ಕೆಲವರು ಅಪ್ಪನನ್ನು ತುಂಬಿದರು, ಕೆಲವರು ಊರನ್ನು. ಇನ್ನು ಕೆಲವರು ಒಂದೇ ಹೆಸರು ಬರೆದು ಇನ್ನೊಂದನ್ನು ಖಾಲಿ ಬಿಟ್ಟರು. ಅಂಥವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್.ಎನ್.ಯು.’ ಎಂದು, ಅಂದರೆ ಮೊದಲ ಹೆಸರು ತಿಳಿಯದೆಂದು, ಅಚ್ಚಾಗುತ್ತದೆ. (ತಾಯಿತಂದೆ ತೊಟ್ಟಿಲಲ್ಲಿ ಕೂಗಿ ಇಟ್ಟ ಹೆಸರು!) 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದ ಸಂದರ್ಶಕರಿಗೆ ಪ್ರವೇಶವಿಲ್ಲವೆಂದಿತು; ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತೆಂದು ಅನಂತರ ಸಡಿಲಿಸಿತು.

ಹೆಸರಿನ ಬೆನ್ನಿಗೇ ಜನ್ಮದಿನಾಂಕ. ನಮ್ಮ ಹಳ್ಳಿಗಳಲ್ಲಿ ಮಗುವನ್ನು ಒಂದನೆಯ ತರಗತಿಗೆ ಸೇರಿಸುವಾಗ ವಯಸ್ಸು ಹೊಂದುವಂತೆ ಮೇ ತಿಂಗಳದೋ ಜೂನ್ ಒಂದರದೋ ದಿನಾಂಕ ಬರೆಸುವ ರೂಢಿಯಿತ್ತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಜನನ ಪತ್ರದಲ್ಲಿ ಬೇರೆಯೇ ದಿನಾಂಕ. ಎರಡೂ ಕಾಗದಗಳು ಪರದೇಶದ ಅಧಿಕಾರಿಯ ಮೇಜಿನ ಮೇಲೆ ಎದುರುಬದುರಾದಾಗ ಉತ್ತರ ಹೇಳಬೇಕಾದವನು ಆ ಮಗುವೇ, ಮೂವತ್ತೈದರ ಪ್ರಾಯದಲ್ಲಿ. 2025ರಲ್ಲಿ ತಿದ್ದಿದ ನಿಯಮದಂತೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಆಧಾರವಾಗಿ ಜನನ ಪತ್ರವೊಂದೇ ನಡೆಯುತ್ತದೆ. ಮೊಮ್ಮಕ್ಕಳಿರುವವರು ಈಗಲೇ ಆ ಪತ್ರ ತೆಗೆದು ಕಾಗುಣಿತ ನೋಡಿಕೊಳ್ಳುವುದು ಒಳ್ಳೆಯದು.

ನನ್ನ ವಿದ್ಯಾರ್ಥಿನಿಯೊಬ್ಬಳು ಗಂಡ, ಮಗುವಿನೊಡನೆ 2022ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತಕ್ಕೆ ಹೋದಳು. ಬಿ.ಎಡ್. ಮಾಡಿ ಇಲ್ಲಿ ಒಂಬತ್ತು ವರ್ಷ ವಿಜ್ಞಾನ ಕಲಿಸಿದ್ದವಳು. ಆ ದೇಶ 2015ರಿಂದ ನಡೆಸುತ್ತಿರುವ ‘ಎಕ್ಸ್‌ಪ್ರೆಸ್ ಎಂಟ್ರಿ’ಯಲ್ಲಿ ವಯಸ್ಸು, ಓದು, ಅನುಭವ, ಭಾಷೆ ಎಲ್ಲಕ್ಕೂ ಅಂಕ. ಮೂವತ್ತು ತುಂಬಿದ ಮೇಲೆ ವಯಸ್ಸಿನ ಅಂಕ ವರ್ಷವರ್ಷವೂ ಇಳಿಯುತ್ತದೆ, ನಲವತ್ತೈದಕ್ಕೆ ಸೊನ್ನೆ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕೆ ಎರಡೇ ವರ್ಷದ ಆಯುಷ್ಯ, ವೈದ್ಯಕೀಯ ತಪಾಸಣೆಗೆ ಒಂದು ವರ್ಷ. ಒಂದು ಕಾಗದ ಬರುವಷ್ಟರಲ್ಲಿ ಇನ್ನೊಂದು ಹಳತಾಗುವ ಭಯ. ಬ್ಯಾಂಕಿನಲ್ಲಿ ತೋರಿಸಬೇಕಾದ ಹಣಕ್ಕೆ ಆರು ತಿಂಗಳ ಸರಾಸರಿ ನೋಡುತ್ತಾರೆ, ಸಾಲ ತಂದದ್ದು ಲೆಕ್ಕಕ್ಕಿಲ್ಲ. ಅವಳ ತಂದೆ ಅರ್ಧ ಎಕರೆ ಅಡಿಕೆ ತೋಟ ಮಾರಿ ಮಗಳ ಕೈಗಿತ್ತರು. ಆ ವಿಷಯವನ್ನು ಅವರು ನನ್ನೊಡನೆ ಒಂದೇ ಒಂದು ಸಲ ಆಡಿದ್ದಾರೆ.

ಅಲ್ಲಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಪಾಠ ಹೇಳಲು ‘ಒಂಟಾರಿಯೊ ಕಾಲೇಜ್ ಆಫ್ ಟೀಚರ್ಸ್’ ಎಂಬ ಸಂಸ್ಥೆಯ ಪ್ರಮಾಣಪತ್ರ ಬೇಕು. ಹೆಸರಿನಲ್ಲಿ ಕಾಲೇಜು ಇದ್ದರೂ ಅದು ಓದಿಸುವುದಿಲ್ಲ, ಶಿಕ್ಷಕರಿಗೆ ಪರವಾನಗಿ ಕೊಡುತ್ತದೆ. ಅಂಕಗಳ ಪೂರ್ಣ ವಿವರ, ಅಂದರೆ ಟ್ರಾನ್ಸ್‌ಕ್ರಿಪ್ಟ್, ಓದಿದ ವಿಶ್ವವಿದ್ಯಾಲಯದಿಂದ ನೇರವಾಗಿ ಅಲ್ಲಿಗೆ ತಲುಪಬೇಕು. ನಾವು ಇಟ್ಟುಕೊಂಡ ಮೂಲ ಅಂಕಪಟ್ಟಿಯನ್ನೇ ಕಳುಹಿಸಿದರೂ ಸಾಲದು. ಅವಳ ಪರವಾಗಿ ನಾನು ನಮ್ಮದೊಂದು ವಿಶ್ವವಿದ್ಯಾಲಯಕ್ಕೆ ನಾಲ್ಕು ಸಲ ಅಲೆದೆ. ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರು. ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ಟು ಬೇರೆ. ಇನ್ನೂ ಊರಿನಲ್ಲಿರುವವರಿಗೆ ಹೇಳುತ್ತೇನೆ: ಹೊರಡುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳಿ. ಹದಿಮೂರು ಸಾವಿರ ಕಿಲೋಮೀಟರ್ ದೂರದಿಂದ ಗುಮಾಸ್ತರ ಮೇಜಿನ ಮುಂದೆ ನಿಲ್ಲಲಾಗುವುದಿಲ್ಲ.

ಇದರ ಮೇಲೊಂದು ತೊಡಕು. ಅವಳದು, ನನ್ನದರಂತೆಯೇ, ಒಂದು ವರ್ಷದ ಬಿ.ಎಡ್. ನಮ್ಮಲ್ಲಿ ಅದು ಎರಡು ವರ್ಷದ್ದಾದದ್ದು 2015ರಲ್ಲಿ. ವಿಚಿತ್ರವೆಂದರೆ ಒಂಟಾರಿಯೊದಲ್ಲೂ ಶಿಕ್ಷಕ ತರಬೇತಿಯನ್ನು ನಾಲ್ಕು ಸೆಮಿಸ್ಟರಿಗೆ ಹಿಗ್ಗಿಸಿದ್ದು ಅದೇ ವರ್ಷ. ಇನ್ನಷ್ಟು ಕೋರ್ಸುಗಳನ್ನು ಓದಬೇಕೆಂದು ಅವಳಿಗೆ ತಿಳಿಸಿದರು. ಇದನ್ನು ಅನ್ಯಾಯವೆಂದು ನಾನು ಹೇಳಲಾರೆ, ಅಲ್ಲಿನ ಮಕ್ಕಳಿಗೆ ಅಲ್ಲಿನ ನಿಯಮ. ಆದರೆ ಒಂಬತ್ತು ವರ್ಷ ಕಲಿಸಿದವಳ ಕೈಯಿಂದ ಸೀಮೆಸುಣ್ಣ ಜಾರಿದಾಗ ಆಗುವ ನೋವು ಯಾವ ಅರ್ಜಿಯಲ್ಲೂ ಬರೆಯುವಂಥದ್ದಲ್ಲ. ಮೊದಲ ಚಳಿಗಾಲ ಅಂಗಡಿಯೊಂದರಲ್ಲಿ ಬಿಲ್ ಹಾಕಿದಳು. ಬಾಡಿಗೆ ಮನೆಗೆ ಮೊದಲ ತಿಂಗಳಿನ ಜೊತೆಗೆ ಕೊನೆಯ ತಿಂಗಳಿನ ಹಣವನ್ನೂ ಮುಂಗಡ ಕೊಟ್ಟರು (ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವರಿಗೆ ಅದು ಹೊರೆಯೆನಿಸದು). ಸಾಲದ ಇತಿಹಾಸವಿಲ್ಲದವರಿಗೆ ಮನೆ ಕೊಡಲು ಹಿಂಜರಿಯುತ್ತಾರಂತೆ. ಸಾಲ ಮಾಡದಿರುವುದೇ ಮರ್ಯಾದೆ ಎಂದು ನಾವು ಕಲಿಸಿದ ಮಕ್ಕಳು ಇವರು!

ಈಗ ಅವಳು ಅಲ್ಲಿಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಸಂಜೆ ಕೋರ್ಸು ಓದುತ್ತಾಳೆ. ಇನ್ನೆರಡು ಉಳಿದಿವೆ. ಕಳೆದ ತಿಂಗಳು ಅವಳ ತಂದೆ ಬಂದು ಜಗುಲಿಯ ಮೇಲೆ ಕುಳಿತು ಕೇಳಿದರು:

“ಮೇಷ್ಟ್ರೇ, ನನ್ನ ಮಗಳು ಅಲ್ಲಿ ಮತ್ತೆ ಟೀಚರ್ ಆಗ್ತಾಳಾ?”

“ಆಗ್ತಾಳೆ. ಇನ್ನೊಂದು ವರ್ಷ ಬೇಕಾಗಬಹುದು,” ಎಂದೆ.

ಪಾಸ್‌ಪೋರ್ಟಿನಲ್ಲಿ ಅವಳು ಮನೆತನದ ಅಂಕಣಕ್ಕೆ ತುಂಬಿದ್ದು ತಂದೆಯ ಹೆಸರನ್ನು. ಅಲ್ಲಿನ ಮಕ್ಕಳು ಅದನ್ನೇ ಹಿಡಿದು ಮುಂದೆ ‘ಮಿಸ್’ ಸೇರಿಸಿ ಕೂಗುತ್ತಾರಂತೆ. ಹಾಜರಿ ಪುಸ್ತಕದಲ್ಲಿ ಹತ್ತು ವರ್ಷ ಒಂದಕ್ಷರವಾಗಿದ್ದ ಆ ಹೆಸರನ್ನು ಊರಿನಲ್ಲಿ ಕರೆಯುವವರು ಕಡಮೆ, ಎಲ್ಲರಿಗೂ ಅವರು ಗೌಡರೇ. ನಾನಿದನ್ನು ಹೇಳಿದಾಗ ಅವರು ನಂಬಲಿಲ್ಲ. ಹೇಗೆ ಕರೆಯುತ್ತಾರೆ, ಇನ್ನೊಂದು ಸಲ ಹೇಳಿ ಎಂದರು. ಹೇಳಿದೆ.