ಕುರ್ಚಿ ಹಾಕುವವರು

ಸಾರ್ವಜನಿಕ ಕೆಲಸದಲ್ಲಿ ಎರಡು ಬಗೆ. ಭಾಷಣ ಮಾಡುವುದು ಒಂದು. ಭಾಷಣ ಕೇಳಲು ಬಂದವರಿಗೆ ಕುರ್ಚಿ ಹಾಕುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ನಾಡಿನಲ್ಲಿ ಎಂದೂ ಬರ ಬಂದದ್ದಿಲ್ಲ. ಮಳೆ ಕೈಕೊಟ್ಟ ವರ್ಷವೂ ಭಾಷಣದ ಬೆಳೆ ಹುಲುಸಾಗಿಯೇ ಇರುತ್ತದೆ. ಎರಡನೆಯದಕ್ಕೆ ಜನ ಸಿಕ್ಕುವುದು ಕಷ್ಟ. ಸಿಕ್ಕವರು ಉಳಿಯುವುದು ಇನ್ನೂ ಕಷ್ಟ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಎಂಟು ವರ್ಷಗಳಿಂದ ನಾನು ಮಾಡುತ್ತಿರುವುದು ಈ ಎರಡನೆಯ ಬಗೆಯವರನ್ನು ಹುಡುಕಿ, ಕೂಡಿಸಿ, ಉಳಿಸಿಕೊಳ್ಳುವ ಕೆಲಸ.

ನಮ್ಮದು ಬೆಂಗಳೂರಿನ ಒಂದು ಬಡಾವಣೆಯ ಸಣ್ಣ ಸಂಘ. ನಾಗರಿಕ ಹಕ್ಕುಗಳ ಸಂಘ ಎಂದೊಡನೆ ಕೇಳಿದವರ ಹುಬ್ಬು ಮೇಲೇರುತ್ತದೆ. ಮದುವೆಯ ಪಂಕ್ತಿಯಲ್ಲಿ ಪಕ್ಕದವರು, ‘ಈಗ ಏನು ಮಾಡಿಕೊಂಡಿದ್ದೀರಿ?’ ಎಂದು ಕೇಳಿ, ನಾನು ನಿಜವನ್ನು ಹೇಳಿದರೆ, ಅವರಿಗೆ ಥಟ್ಟನೆ ಎಲೆಯ ಮೇಲಿನ ಕೋಸಂಬರಿ ನೆನಪಾಗುತ್ತದೆ. ಘೋಷಣೆ, ಲಾಠಿ, ಕೋರ್ಟು ಎಲ್ಲವೂ ಒಮ್ಮೆಗೇ ಅವರ ಕಣ್ಣ ಮುಂದೆ ಸುಳಿಯುತ್ತವೆಯೋ ಏನೋ. ನಿಜಕ್ಕೂ ನನ್ನ ಕೈಯಲ್ಲಿರುವುದು ಒಂದು ಹಾಜರಿ ಪುಸ್ತಕ, ಒಂದು ಬೀಗದ ಕೈ, ಹದಿನೆಂಟು ಪ್ಲಾಸ್ಟಿಕ್ ಕುರ್ಚಿ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆಗೆಯುವುದು, ಬಂದವರಿಗೆ ಚಹಾ ಹೇಳುವುದು, ಯಾರು ಯಾವ ಕೆಲಸ ಮಾಡಬೇಕೆಂದು ಗೊತ್ತುಮಾಡುವುದು, ಇಷ್ಟೇ.

ಸ್ವಯಂಸೇವಕರಲ್ಲಿ ಅನೇಕ ಪ್ರಭೇದಗಳಿವೆ. ಕಾಲೇಜಿಗೆ ಒಪ್ಪಿಸಲು ಪ್ರಮಾಣಪತ್ರ ಬೇಕೆಂದು ಬರುವವರು; ಅದು ಕೈಗೆ ಬಂದ ಭಾನುವಾರದಿಂದ ಅವರಿಗೆ ಮೈಯಲ್ಲಿ ಹುಷಾರಿರುವುದಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಬರುವವರು. ಅವರ ಕಾಲಪ್ರಜ್ಞೆ ಅಸಾಧಾರಣ. ಅಧ್ಯಕ್ಷತೆಯೊಂದನ್ನು ಬಿಟ್ಟು ಬೇರೆ ಯಾವ ಸೇವೆಯನ್ನೂ ಒಲ್ಲದ ಹಿರಿಯರು. ಕೊನೆಯದಾಗಿ, ಮೂರು ವಾರ ಒಂದೂ ಮಾತಾಡದೆ ಹಿಂದೆ ಕೂತು, ನಾಲ್ಕನೆಯ ವಾರ ಹೇಳಿಸಿಕೊಳ್ಳದೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಹೋಗುವವರು. ನನ್ನ ಕಣ್ಣು ಯಾವಾಗಲೂ ಈ ಕೊನೆಯವರ ಮೇಲೆಯೇ.

ಇದೇನೂ ಹೊಸ ಕಾಲದ ವ್ಯಾಧಿಯಲ್ಲ. 1901ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದ ಗಾಂಧಿಯವರು ಅಲ್ಲಿಯ ಸ್ವಯಂಸೇವಕರನ್ನು ಕುರಿತು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಬ್ಬನಿಗೆ ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ಹೇಳುವನು, ಅವನು ಮೂರನೆಯವನಿಗೆ. ಕಕ್ಕಸುಗಳ ಹೊಲಸನ್ನು ತೋರಿಸಿದರೆ ಅದು ನಮ್ಮ ಕೆಲಸವಲ್ಲ ಎಂದರಂತೆ. ಆಗ ಮೂವತ್ತೆರಡು ವರ್ಷದ ಆ ಬ್ಯಾರಿಸ್ಟರು ತಾವೇ ಪೊರಕೆ ಹಿಡಿದರು. ಆಮೇಲೆ ಕಚೇರಿಗೆ ಹೋಗಿ ಕೆಲಸ ಬೇಡಿ, ರಾಶಿಬಿದ್ದಿದ್ದ ಕಾಗದಗಳಿಗೆ ಉತ್ತರ ಬರೆದರು. ಕಾರ್ಯದರ್ಶಿ ಘೋಷಾಲರ ಅಂಗಿಗೆ ಗುಂಡಿಯನ್ನೂ ಹಾಕಿದರು. ಮುಂದೆ ಇದೇ ಕಾಂಗ್ರೆಸ್ಸಿಗೆ ಶಿಸ್ತಿನ ಸ್ವಯಂಸೇವಕ ಪಡೆಯನ್ನು ಕಟ್ಟಿಕೊಟ್ಟವರು ನಮ್ಮ ಹುಬ್ಬಳ್ಳಿಯ ಡಾ. ಹರ್ಡೀಕರರು. 1923ರಲ್ಲಿ ಹುಟ್ಟಿದ ಅವರ ಹಿಂದುಸ್ಥಾನಿ ಸೇವಾದಳವು ಮರುವರ್ಷ ಗಾಂಧಿಯವರು ಅಧ್ಯಕ್ಷರಾಗಿದ್ದ ಬೆಳಗಾವಿಯ ಅಧಿವೇಶನದಲ್ಲಿ ದುಡಿಯಿತು.

ಅವರು ಕವಾಯತು ಕಲಿಸಿದರು. ನಮ್ಮ ಕೆಲಸಕ್ಕೆ ಕವಾಯತು ಸಾಲದು. ರಾತ್ರಿ ಹನ್ನೊಂದು ಗಂಟೆಗೆ ಠಾಣೆಯ ಮೆಟ್ಟಿಲ ಮೇಲೆ ನಿಂತವನಿಗೆ ಎಡ-ಬಲ ಹೇಳಲು ಹಿಂದೆ ಯಾರೂ ಇರುವುದಿಲ್ಲ. ಅವನೇ ಯೋಚಿಸಬೇಕು, ಅವನೇ ಮಾತಾಡಬೇಕು. ಅಂಥವನನ್ನು ತಯಾರುಮಾಡುವುದು ಹೇಗೆ?

ಹಕ್ಕುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಬಂಧಿಸಿದವನಿಗೆ ಕಾರಣ ತಿಳಿಸಬೇಕು, ಅವನು ಬಯಸಿದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. 1986ರಲ್ಲಿ ಪಶ್ಚಿಮ ಬಂಗಾಳದ ಡಿ. ಕೆ. ಬಸು ಎಂಬುವರು ಠಾಣೆಗಳಲ್ಲಿ ಆಗುತ್ತಿದ್ದ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಆ ಕಾಗದವೇ ಅರ್ಜಿಯಾಗಿ, ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ, ತೀರ್ಪು ಬಂತು. ಹಿಡಿಯುವ ಪೊಲೀಸರು ಹೆಸರಿನ ಪಟ್ಟಿ ಧರಿಸಿರಬೇಕು. ಹೊತ್ತು ಮತ್ತು ತಾರೀಖು ಹಾಕಿ ಬಂಧನದ ಪತ್ರ ಬರೆಯಬೇಕು. ಅದಕ್ಕೆ ಮನೆಯವರೋ ನೆರೆಯವರೋ ಸಾಕ್ಷಿ ಹಾಕಬೇಕು. ಬಂಧುಗಳಿಗೆ ಸುದ್ದಿ ಮುಟ್ಟಿಸಬೇಕು. ಇವೆಲ್ಲ ಈಗ ಕಾನೂನು. ಆದರೆ ದೆಹಲಿಯಲ್ಲಿ ಹುಟ್ಟಿದ ಹಕ್ಕು ನಮ್ಮ ಬಡಾವಣೆಯ ಠಾಣೆಯ ಬೆಂಚಿನವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಯಾರಾದರೂ ಕೈಹಿಡಿದು ಕರೆತರಬೇಕು.

ಮೊದಲಿಗೆ ನಮ್ಮ ಭಾನುವಾರದ ತರಗತಿಗೆ ವಕೀಲರನ್ನು ಕರೆಸುತ್ತಿದ್ದೆವು. ಒಳ್ಳೆಯ ವಿದ್ವಾಂಸರು. ಅವರು ಮೂಲಭೂತ ಹಕ್ಕುಗಳ ಇತಿಹಾಸವನ್ನು ಇಂಗ್ಲೆಂಡಿನಿಂದ ಪ್ರಾರಂಭಿಸಿ ಭಾರತದ ಕರಾವಳಿಯನ್ನು ಮುಟ್ಟುವ ಹೊತ್ತಿಗೆ ಹಿಂದಿನ ಸಾಲು ನಿದ್ರೆಯ ದಡವನ್ನು ಮುಟ್ಟಿರುತ್ತಿತ್ತು. ಆ ದಿನಗಳಲ್ಲಿ ಅಮೆರಿಕದ ಕರಿಯ ಜನರ ಹೋರಾಟವನ್ನು ಕುರಿತು ಓದುತ್ತಿದ್ದ ನನಗೆ ಒಂದು ಸಂಗತಿ ಸಿಕ್ಕಿತು. ಅಲ್ಲಿಯ ದಕ್ಷಿಣದ ರಾಜ್ಯಗಳಲ್ಲಿ ಓದಲು ಬರುವುದಿಲ್ಲವೆಂಬ ನೆಪ ಹೇಳಿ ಕರಿಯರಿಗೆ ಮತ ತಪ್ಪಿಸುತ್ತಿದ್ದರು. ಸೆಪ್ಟಿಮಾ ಕ್ಲಾರ್ಕ್ ಎಂಬ ಉಪಾಧ್ಯಾಯಿನಿ, ಹಕ್ಕಿನ ಸಂಘವೊಂದರ ಸದಸ್ಯತ್ವ ಬಿಡಲೊಲ್ಲದೆ 1956ರಲ್ಲಿ ನೌಕರಿ ಕಳೆದುಕೊಂಡವರು, ದಕ್ಷಿಣ ಕ್ಯಾರೊಲಿನಾದ ಜಾನ್ಸ್ ದ್ವೀಪದಲ್ಲಿ ವಯಸ್ಕರಿಗೆ ಶಾಲೆ ತೆರೆಯಲು ಹೊರಟರು. 1957ರ ಜನವರಿಯಲ್ಲಿ, ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹದಿನಾಲ್ಕು ಮಂದಿಯಿಂದ ಅದು ಶುರುವಾಯಿತು. ಪಾಠ ಹೇಳಲು ಅವರು ಆರಿಸಿದ್ದು ಪಂಡಿತರನ್ನಲ್ಲ, ಬರ್ನಿಸ್ ರಾಬಿನ್‌ಸನ್ ಎಂಬ, ಹೆಂಗಸರ ತಲೆಗೂದಲು ಸಿಂಗರಿಸಿ ಬದುಕುತ್ತಿದ್ದ ಮಹಿಳೆಯನ್ನು. ಆಕೆಯ ಗಿರಾಕಿಗಳೆಲ್ಲ ಕರಿಯರೇ. ಯಾವ ಬಿಳಿಯ ಧಣಿಯೂ ಆಕೆಯನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಜತೆಗೆ, ಮೇಷ್ಟರ ಗತ್ತು ಗೊತ್ತಿಲ್ಲದ ಆಕೆ ಬಂದವರನ್ನೇ ‘ನಿಮಗೆ ಏನು ಕಲಿಯಬೇಕಾಗಿದೆ?’ ಎಂದು ಕೇಳಿದರು. ತಮ್ಮ ಹೆಸರು ಬರೆಯುವುದನ್ನು, ಮನಿಯಾರ್ಡರ್ ತುಂಬುವುದನ್ನು ಕಲಿಯಬೇಕು ಎಂದರು ಜನ. ಪಾಠ ಅಲ್ಲಿಂದ ಮೊದಲಾಗಿ ಸಂವಿಧಾನದವರೆಗೆ ಹೋಯಿತು. ಕಲಿತವರು ಮುಂದೆ ಕಲಿಸುವವರಾದರು. ಶಾಲೆಗಳು ಹಲವು ರಾಜ್ಯಗಳಿಗೆ ಹಬ್ಬಿದವು.

ಇದನ್ನು ಓದಿದ ಮೇಲೆ ನಮ್ಮ ತರಗತಿಯ ರೀತಿ ಬದಲಾಯಿತು. ವಕೀಲರು ಈಗಲೂ ಬರುತ್ತಾರೆ. ಆದರೆ ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ. ಪಾಠ ನಡೆಸುವವರು ಇಬ್ಬರು. ಒಬ್ಬ, ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯ ಹುಡುಗ. ಕುರ್ಚಿ ಜೋಡಿಸಿ ಹೋಗುತ್ತಿದ್ದನೆಂದೆನಲ್ಲ, ಅವನೇ. ಇನ್ನೊಬ್ಬರು, ಮನೆಯಲ್ಲಿ ಬಟ್ಟೆ ಹೊಲಿಯುವ ಒಬ್ಬ ನಡುವಯಸ್ಸಿನ ಹೆಂಗಸು. ನಾನು ಇವರಿಗೆ ಹೇಳಿಕೊಟ್ಟ ಸೂತ್ರಗಳು ನಾಲ್ಕೇ. ಒಬ್ಬರೇ ಹೋಗಬಾರದು. ಮನೆಯಲ್ಲಿ ಹೇಳದೆ ಹೋಗಬಾರದು. ದನಿ ಏರಿಸಬಾರದು. ಮಾತಿಗಿಂತ ಬರಹ ಮೇಲು. ಇನ್ನು ಕೆಲಸ ಹಂಚುವಾಗ ಚೂರುಚೂರಾಗಿ ಕೊಡುವುದಿಲ್ಲ. ‘ಈ ಕಾಗದ ಕೊಟ್ಟು ಬಾ’ ಎಂದರೆ ಅವನು ಜವಾನನಾಗುತ್ತಾನೆ. ‘ಈ ಬೀದಿ ನಿನ್ನದು’ ಎಂದರೆ ಮುಂದಾಳಾಗುತ್ತಾನೆ. 2024ರ ಜುಲೈ 1ರಿಂದ ದಂಡ ಪ್ರಕ್ರಿಯೆಯ ಹಳೆಯ ಸಂಹಿತೆ ಹೋಗಿ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಾಗ ನಮ್ಮ ಕರಪತ್ರಗಳೆಲ್ಲ ರದ್ದಿಯಾದವು. 24 ಗಂಟೆಯ ನಿಯಮವಿದ್ದ 57ನೆಯ ಕಲಮು 58 ಆಗಿತ್ತು. ಕಾರಣ ತಿಳಿಸಬೇಕೆಂಬ 50ನೆಯದು 47 ಆಗಿತ್ತು. ಹೊಸ ಕರಪತ್ರವನ್ನು ಅವರಿಬ್ಬರೇ ಕೂತು ಬರೆದರು. ಕಾಸಿಲ್ಲದವರು ಉಚಿತ ಕಾನೂನು ನೆರವಿಗೆ ಕರೆಯಬೇಕಾದ 15100 ಎಂಬ ಸಂಖ್ಯೆಯನ್ನು ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಹಾಕಿದರು. ನಾನು ಕಾಗುಣಿತ ತಿದ್ದಿದೆ.

ಕಳೆದ ವರ್ಷದ ಒಂದು ರಾತ್ರಿ, ನಾನು ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದಾಗ, ಆ ಬೀದಿಯ ಒಬ್ಬ ಡೆಲಿವರಿ ಹುಡುಗನನ್ನು ಮೊಬೈಲ್ ಕಳ್ಳತನದ ಅನುಮಾನದ ಮೇಲೆ ಠಾಣೆಗೆ ಕರೆದೊಯ್ದರು. ಜೆರಾಕ್ಸ್ ಅಂಗಡಿಯ ಹುಡುಗ, ಹೊಲಿಗೆಯ ಆಕೆ, ಇಬ್ಬರೂ ಹೋದರು. ಆಕೆ ಕೇಳಿದ್ದು ಇಷ್ಟು: ‘ಸಾರ್, ಇವನನ್ನ ಅರೆಸ್ಟ್ ಮಾಡಿದ್ದೀರಾ, ಇಲ್ಲಾ ಸುಮ್ಮನೆ ಕೂರಿಸ್ಕೊಂಡಿದ್ದೀರಾ? ಅರೆಸ್ಟ್ ಆಗಿದ್ರೆ ಕಾಗದ ಕೊಡಿ, ನಾನೇ ಸಾಕ್ಷಿ ಹಾಕ್ತೀನಿ. ಇಲ್ಲದಿದ್ರೆ ಮನೆಗೆ ಕಳಿಸಿ.’ ವಕೀಲರ ಎರಡು ಗಂಟೆಯ ಉಪನ್ಯಾಸ ಆಕೆಯ ನಾಲಗೆಯ ಮೇಲೆ ನಾಲ್ಕು ಮಾತಾಗಿತ್ತು. ಬೈಗುಳವೂ ಬಂತು, ಇವರು ದನಿ ಏರಿಸಲಿಲ್ಲ, ಕದಲಲೂ ಇಲ್ಲ. ಹನ್ನೆರಡೂವರೆಗೆ, ವಿಚಾರಣೆಗೆ ಮರುದಿನ ಹಾಜರಾಗಬೇಕೆಂದು ಬರಹದಲ್ಲಿ ನೋಟೀಸು ಕೊಟ್ಟು ಹುಡುಗನನ್ನು ಕಳಿಸಿದರು. ಅವನು ತಪ್ಪು ಮಾಡಿದ್ದನೋ ಇಲ್ಲವೋ ಅದು ಬೇರೆ ಮಾತು; ಅದನ್ನು ತೀರ್ಮಾನಿಸಲು ನ್ಯಾಯಾಲಯವಿದೆ.

ಊರಿಗೆ ಬಂದ ಮೇಲೆ, ‘ನನಗೆ ಯಾಕಪ್ಪ ಫೋನ್ ಮಾಡಲಿಲ್ಲ?’ ಎಂದೆ.

ಹುಡುಗ ಸ್ವಲ್ಪ ಸಂಕೋಚದಿಂದಲೇ ಹೇಳಿದ: ‘ನಿಮಗೆ ಮಾಡಿದ್ರೆ ನೀವು ಯಾರೋ ದೊಡ್ಡೋರಿಗೆ ಮಾಡ್ತಿದ್ರಿ ಸಾರ್. ಅವರ ಮಾತಿಗೆ ಬಿಡ್ತಿದ್ರು. ನಾಳೆ ಇನ್ನೊಬ್ಬನ್ನ ಹಿಡಿದ್ರೆ, ಆ ದೊಡ್ಡೋರು ಊರಲ್ಲಿ ಇಲ್ದಿದ್ರೆ?’

ವಶೀಲಿ ಎಂಬ ಮಾತು ನಮಗೆಲ್ಲ ಗೊತ್ತು. ನಮ್ಮಂಥವರ ಮನೆಗಳಲ್ಲಿ ಅದು ಅಡಿಗೆಯ ಒಗ್ಗರಣೆಯಷ್ಟು ಸಹಜ. ಶಾಲೆಯ ಸೀಟಿಗೆ, ಆಸ್ಪತ್ರೆಯ ಹಾಸಿಗೆಗೆ, ಕೊನೆಗೆ ಪೊಲೀಸು ಠಾಣೆಗೂ ಯಾರೋ ಒಬ್ಬರ ನಂಬರು ನಮ್ಮ ಬಳಿ ಇರುತ್ತದೆ. ಅದು ಇರುವತನಕ ಹಕ್ಕು ಎಂಬುದು ನಮಗೆ ಪುಸ್ತಕದ ಮಾತು. ನಂಬರು ಇಲ್ಲದವರಿಗೆ ಮಾತ್ರ ಹಕ್ಕಿನ ಬೆಲೆ ಗೊತ್ತು. ಅವರಿಗೇ ಅದನ್ನು ನಡೆಸುವ ಕೈಯೂ ಬರಬೇಕು.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಬೀಗಿಕೊಂಡು ಇರಬಹುದಿತ್ತು. ಎರಡು ವಾರದ ಮೇಲೆ ಹುಡುಗನ ತಾಯಿ ಬಂದರು. ಮೂರು ಮನೆಗಳ ಪಾತ್ರೆ ತೊಳೆದು ಮಗನನ್ನು ಪಿಯುಸಿಯವರೆಗೆ ಓದಿಸಿದಾಕೆ. ಯಾರೋ ಪೊಲೀಸಿನವರು ಅಂಗಡಿಗೆ ಬಂದು ಮಗನ ಹೆಸರು, ಮನೆಯ ವಿಳಾಸ ಕೇಳಿಕೊಂಡು ಹೋಗಿದ್ದರಂತೆ. ಕೂರಿ ಎಂದರೆ ಕೂರಲಿಲ್ಲ. ‘ಅಣ್ಣಾ, ನೀವು ಹೋದ್ರೆ ಅಲ್ಲಿ ಕುರ್ಚಿ ಹಾಕ್ತಾರೆ. ನನ್ನ ಮಗ ಹೋದ್ರೆ ಹೆಸರು ಬರ್ಕೊತಾರೆ. ನಾಳೆ ಅವನಿಗೇ ಏನಾದ್ರೂ ಆದ್ರೆ ಯಾರಿದ್ದಾರೆ ನಮಗೆ?’

ಸ್ವಯಂಸೇವಕರ ತರಬೇತಿಯ ಬಗ್ಗೆ ಬರೆದವರು ಉತ್ಸಾಹ, ಶಿಸ್ತು, ನಾಯಕತ್ವ ಎಲ್ಲದರ ಬಗೆಗೂ ಬರೆಯುತ್ತಾರೆ. ಈ ಪ್ರಶ್ನೆಗೆ ಬಂದಾಗ ಪುಟ ತಿರುಗಿಸುತ್ತಾರೆ. ಅಪಾಯ ಎಲ್ಲರಿಗೂ ಒಂದೇ ಸಮನಲ್ಲ. ನನ್ನ ನರೆಗೂದಲು, ಬ್ಯಾಂಕಿನ ಪಿಂಚಣಿ, ನನ್ನ ಇಂಗ್ಲಿಷು ಎಲ್ಲ ನನಗೆ ಕೊಡೆ. ಅವನು ಮಳೆಯಲ್ಲಿ ನಿಲ್ಲುತ್ತಾನೆ. ಅವನನ್ನು ಮನೆಗೆ ಕಳಿಸಿ ನಾನೇ ಹೋಗುತ್ತೇನೆ ಎಂದರೆ ತಾಯಿಗೆ ಸಮಾಧಾನವಾದೀತು. ಹಕ್ಕು ಮತ್ತೆ ವಶೀಲಿಯಾಗುತ್ತದೆ. ನಾವೆಲ್ಲ ಕೂತು ಒಂದು ವ್ಯವಸ್ಥೆ ಮಾಡಿಕೊಂಡೆವು. ಯಾರು ಠಾಣೆಗೆ ಹೋದರೂ ಸಂಘದ ಕಾಗದದಲ್ಲಿ ಮೇಲಧಿಕಾರಿಗಳಿಗೆ ಮರುದಿನವೇ ವರದಿ ಹೋಗಬೇಕು. ಅದರ ಕೆಳಗೆ ಹೋದವರ ಹೆಸರಷ್ಟೇ ಅಲ್ಲ, ನನ್ನದೂ ಸೇರಿ ಎಲ್ಲರ ಸಹಿ ಇರಬೇಕು. ಹೋಗಬೇಕೋ ಬೇಡವೋ ಎಂಬುದು ಪ್ರತಿಸಲವೂ ಹೋಗುವವರ ಇಷ್ಟ. ಬೇಡವೆಂದರೆ ಕಾರಣ ಕೇಳುವಂತಿಲ್ಲ. ಹುಡುಗ ಹೋಗುತ್ತೇನೆಂದೇ ಹೇಳಿದ. ತಾಯಿ ಒಪ್ಪಲಿಲ್ಲ, ಬೇಡವೆಂದು ಅಡ್ಡವೂ ಬರಲಿಲ್ಲ. ‘ಅದೇನು ಕಲಿಸ್ತೀರೋ ನಾನೂ ನೋಡ್ತೀನಿ’ ಎಂದರು.

ಆ ಭಾನುವಾರ ಹಿಂದಿನ ಸಾಲಿನಲ್ಲಿ, ಸೆರಗನ್ನು ಬಿಗಿಯಾಗಿ ಹೊದ್ದು ಕೂತರು. ಮಗ 24 ಗಂಟೆಯ ನಿಯಮವನ್ನು ಹೇಳುತ್ತಿದ್ದ. ನಡುವೆಯೇ, ‘ಆ 24 ಗಂಟೆ ಯಾವಾಗಿಂದ? ಹಿಡಿದಾಗಿಂದಾನೋ, ಅವರು ಬರ್ಕೊಂಡಾಗಿಂದಾನೋ?’ ಎಂದರು. ವಕೀಲರು ತಲೆಯೆತ್ತಿ, ‘ಹಿಡಿದಾಗಿನಿಂದ, ಅಮ್ಮ’ ಎಂದರು. ‘ಹಾಗಾದ್ರೆ ಹಿಡಿದ ಹೊತ್ತನ್ನ ಬರೆದಿಡೋರು ಯಾರು?’

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಕರಪತ್ರದ ಈಗಿನ ಮುದ್ರಣದಲ್ಲಿ 15100ರ ಕೆಳಗೆ ಮೊದಲನೆಯ ಸಾಲು ಆಕೆಯದು: ಯಾರನ್ನಾದರೂ ಕರೆದೊಯ್ಯುವುದನ್ನು ಕಂಡರೆ ಮೊದಲು ಗಡಿಯಾರ ನೋಡಿ, ಹೊತ್ತು ಬರೆದುಕೊಳ್ಳಿ. ಆಕೆ ನನ್ನನ್ನು ಕೇಳಿದ ಪ್ರಶ್ನೆಗೆ ಮಾತ್ರ ಇಷ್ಟು ಸುಲಭದ ಉತ್ತರ ನನಗೆ ಹೊಳೆದಿಲ್ಲ. ಹುಡುಗ ರಾತ್ರಿ ಎಲ್ಲಿಗಾದರೂ ಹೋದನೆಂದು ತಿಳಿದರೆ, ಅವನು ಮನೆ ಸೇರಿದ ಸುದ್ದಿ ಬರುವತನಕ ನಾನೂ ಎದ್ದೇ ಇರುತ್ತೇನೆ. ಆ ಹೊತ್ತಿನಲ್ಲಿ ಅವನ ಮನೆಯ ದೀಪವೂ ಉರಿಯುತ್ತಿರುತ್ತದೆಂದು ನನಗೆ ಗೊತ್ತು.