ಗೊಂಬೆಗಳಿಗೊಂದು ಮನೆ

ತವರಿನಿಂದ ಬಂದ ಪಟ್ಟದ ಗೊಂಬೆಗಳು ನವರಾತ್ರಿಗೆ ಮಾತ್ರ ಪೆಟ್ಟಿಗೆಯಿಂದ ಹೊರಬಂದರೆ, ನಾಗಪುರದಲ್ಲಿ ಹುಟ್ಟಿದ ಮಕ್ಕಳಿಗೆ ಅವುಗಳ ಬಳಕೆಯಾಗುವುದು ಹೇಗೆ? ಅದಕ್ಕೇ ಗಾಜಿನ ಕಪಾಟೊಂದನ್ನು ನಾವೇ ಮಾಡಲು ಹೊರಟೆವು. ಚಂದ್ರಪುರದ ಕಡೆಯ ತೇಗದ ಪಟ್ಟಿಗಳೇನೋ ಸಿಕ್ಕವು. ಉಳಿದದ್ದು ಮೂಲೆಗಳನ್ನು ಜೋಡಿಸುವ ಪ್ರಶ್ನೆ.

ಓರೆಯಾಗಿ ಕೊಯ್ದು ಮೊಳೆ ಹೊಡೆದರೆ ನೋಡಲು ಚೆಂದ. ಆದರೆ ಮರ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಹಿಗ್ಗಿ ಕುಗ್ಗುವ ವಸ್ತು. ಇಲ್ಲಿ ಮೇ ತಿಂಗಳಲ್ಲಿ 45 ಡಿಗ್ರಿಯ ಒಣ ಬಿಸಿಲು, ಜುಲೈಯಲ್ಲಿ ತೇವದ ಗಾಳಿ. ಅಂಥ ಮೂಲೆ ಬಾಯಿ ಬಿಡದೆ ಇದ್ದೀತೆ? ಅರ್ಧರ್ಧ ಕೊರೆದು ಒಂದರ ಮೇಲೊಂದು ಕೂರಿಸುವುದು ಸುಲಭ, ಬಲವೆಲ್ಲ ಅಂಟಿನದು. ಕೊನೆಗೆ, ಒಂದು ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರ ತೂತಿಗೆ ಬಿಗಿಯಾಗಿ ಸೇರಿಸಿ, ಅಡ್ಡಲಾಗಿ ಬಿದಿರಿನ ಮೊಳೆ ಬಡಿದೆವು. ಅಂಟು ಹಾಕಲಿಲ್ಲ. ಮರ ಕುಗ್ಗಿದಾಗ ಗಾಜು ಸೀಳದಂತೆ ಸುತ್ತಲೂ ತುಸು ಸಂದು ಬಿಟ್ಟೆವು.

ಕೇಂದ್ರ ಸರ್ಕಾರದ ಗುಮಾಸ್ತರ ಮನೆಗೆ ವರ್ಗದ ಆದೇಶ ಎಂದು ಬರುವುದೋ! ಬಂದರೆ ಬಿದಿರಿನ ಮೊಳೆಗಳನ್ನು ಹೊರತಳ್ಳಿದರಾಯಿತು. ಕಪಾಟು ಪಟ್ಟಿಗಳ ಕಟ್ಟಾಗಿ ನಮ್ಮೊಡನೆ ರೈಲು ಹತ್ತೀತು.

ಬೀದಿಯಲ್ಲಿ ಮರಾಠಿ ಆಡುವ ಕಿರಿಯ ಮಗಳು ಗಾಜಿನ ಮುಂದೆ ನಿಂತು ರಾಜ-ರಾಣಿಯರೊಡನೆ ಕನ್ನಡದಲ್ಲೇ ಹರಟುತ್ತಾಳೆ. ಅವರಿಗೆ ಮರಾಠಿ ಬರುವುದಿಲ್ಲವಂತೆ!