ಒಂದು ಕಡ್ಡಿಯ ದೂರ

ಇಂಟರ್‌ಲೋಪರ್ ಎಂಬ ಕಠಿಣ ಹಂತದಲ್ಲಿ ಬಂದೂಕು ಸಿಗುವುದಿಲ್ಲ. ಚಾಕು ಸಿಗುವುದಿಲ್ಲ, ಕೊಡಲಿಯೂ ಇಲ್ಲ. ಬೇಕೆಂದರೆ ಹಳೆಯ ಕಬ್ಬಿಣದ ತುಂಡು, ಕಲ್ಲಿದ್ದಲು, ಒಂದು ಭಾರದ ಸುತ್ತಿಗೆ ಹೊತ್ತುಕೊಂಡು ಕುಲುಮೆ ಇರುವಲ್ಲಿಗೆ ನಡೆದು, ನಾವೇ ಬಡಿದು ಮಾಡಿಕೊಳ್ಳಬೇಕು. ಇಡೀ ಗ್ರೇಟ್ ಬೇರ್ ದ್ವೀಪದಲ್ಲಿ ಕುಲುಮೆಗಳು ಬೆರಳೆಣಿಕೆಯಷ್ಟು. ನಾನು ಕಣ್ಣು ಬಿಟ್ಟದ್ದು ಪ್ಲೆಸೆಂಟ್ ವ್ಯಾಲಿಯಲ್ಲಿ. ಹೋಗಬೇಕೆಂದುಕೊಂಡದ್ದು ಫೋರ್ಲಾರ್ನ್ ಮಸ್ಕೆಗ್ ಎಂಬ ಹೆಪ್ಪುಗಟ್ಟಿದ ಜೌಗುಸೀಮೆಗೆ. ಅಲ್ಲಿ ಸ್ಪೆನ್ಸ್ ಕುಟುಂಬದ ಪಾಳು ಮನೆಯಲ್ಲಿ ಒಂದು ಕುಲುಮೆ ಇದೆ. ನಡುವೆ ನದಿ ಕಣಿವೆ, ಅಣೆಕಟ್ಟು, ಮಿಸ್ಟರಿ ಲೇಕ್‌ನ ಕಾಡು.

ಆಟದ ಹೆಸರು ‘ದಿ ಲಾಂಗ್ ಡಾರ್ಕ್’. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋ ಅದನ್ನು 2014ರಲ್ಲಿ ಅರೆಸಿದ್ಧ ರೂಪದಲ್ಲಿ ಹೊರತಂದು, 2017ರ ಆಗಸ್ಟ್‌ನಲ್ಲಿ ಪೂರ್ಣವಾಗಿ ಬಿಡುಗಡೆ ಮಾಡಿತು. ಭೂಕಾಂತೀಯ ಉತ್ಪಾತದಿಂದ ವಿದ್ಯುತ್ತು ಸತ್ತುಹೋದ ಒಂದು ಕಲ್ಪಿತ ಉತ್ತರದ ದ್ವೀಪ. ದೆವ್ವಗಳಿಲ್ಲ, ಶತ್ರುಸೈನ್ಯವಿಲ್ಲ. ಚಳಿ, ದಣಿವು, ಬಾಯಾರಿಕೆ, ಹಸಿವು ಎಂಬ ನಾಲ್ಕು ಅಳತೆಗಳು, ಅವುಗಳ ಕೆಳಗೆ ನಿಮ್ಮ ಜೀವ ಇನ್ನೆಷ್ಟು ಉಳಿದಿದೆ ಎಂದು ಹೇಳುವ ಶೇಕಡಾವಾರು ಅಂಕಿ. ಸತ್ತರೆ ಅದುವರೆಗಿನ ಆಟವೇ ಅಳಿಸಿಹೋಗುವುದು ಅದರ ಮೂಲ ನಿಯಮ. ವಾರಗಟ್ಟಲೆ ರಾತ್ರಿಗಳನ್ನು ಕೊಟ್ಟು ಬದುಕಿಸಿಕೊಂಡ ಜೀವ ಅದು. ಅದಕ್ಕೇ ಅಲ್ಲಿಯ ಭಯ ನಿಜವಾದ ಭಯವಾಗಿಯೇ ಮೈಗೆ ತಾಗುತ್ತದೆ.

ಪ್ಲೆಸೆಂಟ್ ವ್ಯಾಲಿ ಅಂದರೆ ಹಿತವಾದ ಕಣಿವೆ ಅಂತ ನಂಬಬೇಡಿ. ದ್ವೀಪದಲ್ಲಿ ಹಿಮಗಾಳಿಗೆ ಕುಖ್ಯಾತವಾದ ಸೀಮೆಗಳಲ್ಲಿ ಅದೂ ಒಂದು. ಮೈಮೇಲೆ ತೆಳ್ಳನೆಯ ಬಟ್ಟೆ, ಜೇಬಿನಲ್ಲಿ ಬೆಂಕಿಕಡ್ಡಿಯೂ ಇಲ್ಲ. ಹೊರಗಿನ ಚಳಿಯ ಮೇಲೆ ಗಾಳಿ ಬೇರೆ. ಬಯಲಿನಲ್ಲಿ ನಿಂತರೆ ಜೀವ ಕಣ್ಣೆದುರೇ ಇಳಿಯುತ್ತದೆ. ಗಾಳಿಗೆ ಬೆನ್ನಾದ ಬಂಡೆಯ ಮರೆ ಸೇರಿದ ಕೂಡಲೇ ಗಾಳಿ ತಾಕುತ್ತಿಲ್ಲ ಎಂಬ ಸಣ್ಣ ಗುರುತು ತೆರೆಯ ಮೇಲೆ ಮೂಡುತ್ತದೆ. ಆ ಗುರುತನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ನಾನು ಒಂದು ಮರೆಯಿಂದ ಇನ್ನೊಂದು ಮರೆಗೆ ಓಡುತ್ತ, ರಸ್ತೆಯಲ್ಲಿ ಕೆಟ್ಟು ನಿಂತ ಕಾರಿನೊಳಗೆ ಸೇರಿಕೊಂಡೆ. ಕಾರಿನಲ್ಲಿ ಬೆಂಕಿ ಹಚ್ಚಲಾಗದು. ಆದರೆ ಗಾಳಿ ಬರುವುದಿಲ್ಲ, ತೋಳವೂ ಬರುವುದಿಲ್ಲ. ಹಿಮಗಾಳಿ ಇಳಿಯುವವರೆಗೂ ಅದರೊಳಗೆ ಕೂತೆ. ಆಮೇಲೆ ತೋಟದ ಮನೆಗೆ ನಡೆದು, ಕಪಾಟುಗಳನ್ನೆಲ್ಲ ತಡಕಿದಾಗ ಅರ್ಧ ತುಂಬಿದ ಒಂದು ಕಡ್ಡಿಪೆಟ್ಟಿಗೆ ಸಿಕ್ಕಿತು. ಜೊತೆಗೆ ಓದಿ ಹಳತಾದ ಒಂದು ಪುಸ್ತಕ. ಅದನ್ನು ಬಿಡದೆ ಎತ್ತಿಟ್ಟುಕೊಂಡೆ. ಯಾಕೆಂದು ಮುಂದೆ ಹೇಳುತ್ತೇನೆ.

ಹಸಿವಿನ ಲೆಕ್ಕ ಬೇರೆಯೇ. ಹೊಟ್ಟೆ ಪೂರ್ತಿ ಬರಿದಾದರೂ ಜೀವ ಇಳಿಯುವುದು ಗಂಟೆಗೆ ಸುಮಾರು ಶೇಕಡಾ 1 ಮಾತ್ರ. ಅದೇ ಮೈ ಪೂರ್ತಿ ತಣ್ಣಗಾದರೆ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯುತ್ತದೆ. ಈ ಅಂತರ ತಿಳಿದವರು ಹಗಲೆಲ್ಲ ಉಪವಾಸ ನಡೆದು, ಮಲಗುವ ಮುಂಚೆ ಮಾತ್ರ ಉಣ್ಣುತ್ತಾರೆ. ಹೊಟ್ಟೆಯಲ್ಲಿ ಊಟವಿದ್ದು ಮಲಗಿದರೆ ನಿದ್ದೆಯಲ್ಲಿ ಜೀವ ಮತ್ತೆ ಏರುತ್ತದೆ. ಎಲ್ಲರೂ ಹೀಗೇ ಮಾಡತೊಡಗಿದರೆಂದೋ ಏನೋ, ಆಮೇಲೆ ಒಂದು ಪ್ರತಿಫಲವನ್ನು ಆಟದಲ್ಲಿ ಸೇರಿಸಿದರು: ಸತತ 72 ಗಂಟೆ ಹಸಿವಿಗೆ ಬೀಳದಿದ್ದರೆ 5 ಕಿಲೋ ಹೆಚ್ಚು ಹೊರಬಹುದು. ಮಾಮೂಲು 30 ಕಿಲೋ ಹೊರುವ ಜೀವಕ್ಕೆ ಅದು ದೊಡ್ಡ ವರವೇ. ಆದರೆ ಕೈಯಲ್ಲಿ ಎರಡು ಡಬ್ಬಿ ಊಟವಿದ್ದ ನನಗೆ ಆ ವರ ದೂರದ ಮಾತು. ಉಪವಾಸದ ದಾರಿಯನ್ನೇ ಹಿಡಿದೆ. ಆಟದಾಚೆ ಯಾರೂ ಹೀಗೆ ಮಾಡಬಾರದು, ನಿಜವಾದ ಚಳಿಯಲ್ಲಿ ಮೈ ಬೆಚ್ಚಗಿರುವುದೇ ಹೊಟ್ಟೆಗೆ ಹಾಕಿದ್ದರಿಂದ.

ನನ್ನ ದೊಡ್ಡ ಚಿಂತೆ ಕಡ್ಡಿಗಳದ್ದು. ಪೆಟ್ಟಿಗೆ ಬರಿದಾದರೆ ಇಂಟರ್‌ಲೋಪರ್‌ನಲ್ಲಿ ಇನ್ನೊಂದು ಸಿಗುವ ಭರವಸೆಯಿಲ್ಲ. ಬಿಸಿಲಿಗೆ ಹಿಡಿದು ಬೆಂಕಿ ಹಚ್ಚುವ ಭೂತಗನ್ನಡಿ ನನಗೆ ಸಿಕ್ಕಿರಲಿಲ್ಲ. ನಾನು ಆಡುತ್ತಿದ್ದುದು ರಾಯಚೂರಿನ ಮೇ ತಿಂಗಳ ರಾತ್ರಿಗಳಲ್ಲಿ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದಾಗ. ಆದರೂ ಆ ಪೆಟ್ಟಿಗೆಯನ್ನು ನೋಡಿದಾಗ ನನ್ನ ಕೈ ತಣ್ಣಗಾಗುತ್ತಿತ್ತು. ಆಗ ದಾರಿ ತೋರಿಸಿದವನು ಚಿಕ್ಕಪ್ಪನ ಮಗ. ನನಗಿಂತ ಬಹಳ ಮೊದಲೇ ಈ ದ್ವೀಪ ತಿರುಗಿದವನು. ಫೋನಿನಲ್ಲಿ ಅಂದ: “ಅಣ್ಣಾ, ಕಡ್ಡಿ ಉಳಸ್ಬೇಕಂದ್ರ ಬೆಂಕಿ ಆರೂಕಿಂತ ಮೊದ್ಲ ಅದರಾಗಿಂದ ಪಂಜು ತಕ್ಕೊ. ಮುಂದಿನ ಬೆಂಕಿ ಆ ಪಂಜಿಲೆ ಹಚ್ಚು.”

“ಎಷ್ಟ್ ದೂರ ಹೋಗ್ತದೋ ಹಂಗ?”

“ಗಾಳಿ ಬಿಟ್ಟಷ್ಟ್ ದೂರ.”

ಉರಿಯುವ ಬೆಂಕಿಯಿಂದ ಪಂಜು ಎಳೆದರೆ ಬೆಂಕಿಯ ಆಯುಷ್ಯ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಪಂಜು ತೋಳವನ್ನು ದೂರ ಇಡುತ್ತದೆ, ಕತ್ತಲಲ್ಲಿ ಬೆಳಕಾಗುತ್ತದೆ, ಮುಂದಿನ ಒಲೆಗೆ ಕಡ್ಡಿಯಾಗುತ್ತದೆ. ಗುಹೆಯಲ್ಲಿ, ಮನೆಯೊಳಗೆ ಅದು ಗಾಳಿಗೆ ಆರುವುದಿಲ್ಲ. ಬಯಲಿನಲ್ಲಿ ಮಾತ್ರ ಒಂದೇ ಬೀಸಿಗೆ ಹೋಗಬಹುದು. ಒಂದೇ ಕಡ್ಡಿ ಗೀರಿ ಕುಲುಮೆಯವರೆಗೂ ಹೋಗುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ಕಣಿವೆ ದಾಟಿಸುವ ಗುಹೆಯೊಳಗೆ ಆ ಕಡ್ಡಿ ಗೀರಿದೆ. ಅಲ್ಲೇ ನೆಲದ ಮೇಲೆ ಕಲ್ಲಿದ್ದಲು ಸಿಕ್ಕಿತು. ಗುಹೆಗಳಲ್ಲಿ ಅದು ಸಿಗುತ್ತದೆ, ಕುಲುಮೆಗೆ ಹೋಗುವವರು ದಾರಿಯ ಯಾವ ಗುಹೆಯನ್ನೂ ಬಿಡಬಾರದು. ಅಲ್ಲಿಂದ ಪಂಜು ಹಿಡಿದು ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ಕಾರ್ಟರ್ ಜಲವಿದ್ಯುತ್ ಅಣೆಕಟ್ಟಿನ ಕೆಳಭಾಗಕ್ಕೆ ಬಂದೆ. ಒಳಗೆ ಕಗ್ಗತ್ತಲು. ಪಂಜು ಇಲ್ಲದಿದ್ದರೆ ಗೋಡೆ ಸವರಿಕೊಂಡು ಹೋಗಬೇಕಿತ್ತು. ಆಕಾಶದಲ್ಲಿ ಧ್ರುವಪ್ರಭೆ ಮೂಡಿದ ರಾತ್ರಿ ಮಾತ್ರ ಈ ಸತ್ತ ಯಂತ್ರಗಳಿಗೆ ಜೀವ ಬರುತ್ತದೆ, ದೀಪಗಳು ಹತ್ತುತ್ತವೆ. ಅದನ್ನು ನೋಡಿ ಹಿಗ್ಗಿ ಓಡಾಡಿದರೆ ನೆಲದ ಮೇಲೆ ಬಿದ್ದ ತಂತಿ ಹೊಡೆಯುತ್ತದೆ, ಹೊರಗೆ ತೋಳಗಳು ಇನ್ನಷ್ಟು ಕೆರಳಿರುತ್ತವೆ.

ಮಿಸ್ಟರಿ ಲೇಕ್ ತಲುಪಿದಾಗ ಮೈಯ ಬಟ್ಟೆ ತೊಯ್ದು ಹೆಪ್ಪುಗಟ್ಟುತ್ತಿತ್ತು. ಮನೆಗಳಿದ್ದವು, ಆದರೂ ಸರೋವರದ ಮೇಲಿನ ಮೀನು ಹಿಡಿಯುವ ಗುಡಿಸಲನ್ನೇ ಆರಿಸಿಕೊಂಡೆ. ಮನೆಯೊಳಗೆ ದಿನಗಟ್ಟಲೆ ಕೂತರೆ ಕ್ಯಾಬಿನ್ ಫೀವರ್ ಎಂಬ ಕಾಟ ಹಿಡಿಯುತ್ತದೆ, ಆಮೇಲೆ ಒಳಗೆ ನಿದ್ದೆಯೇ ಬಾರದು. ಮೀನಿನ ಗುಡಿಸಲು ಆಟದ ಲೆಕ್ಕದಲ್ಲಿ ಹೊರಗು. ಗಾಳಿ ತಡೆಯುವ ಗೋಡೆ ಇದೆ, ಒಲೆ ಇದೆ, ಆ ಕಾಟ ಇಲ್ಲ. ಪಂಜಿನಿಂದ ಒಲೆ ಹಚ್ಚಿ, ತೊಯ್ದ ಬಟ್ಟೆ ಬಿಚ್ಚಿ ಒಲೆಯ ಪಕ್ಕ ನೆಲಕ್ಕೆ ಹರವಿದೆ. ಮೈಮೇಲಿಟ್ಟುಕೊಂಡೇ ಒಣಗಲಿ ಎಂದು ಕಾಯಲಿಲ್ಲ.

ಮಲಗುವ ಮುಂಚೆ ದಡಕ್ಕೆ ಹೋಗಿ ಜೊಂಡು ಕಿತ್ತು ತಂದೆ. ಈ ಸೀಮೆಯಲ್ಲಿ ನನ್ನನ್ನು ಸಾಕಿದ್ದು ಆ ಜೊಂಡೇ. ಒಂದು ದಂಟಿಗೆ 150 ಕ್ಯಾಲರಿ, ಬೇಯಿಸಬೇಕಿಲ್ಲ, ಕೆಡುವುದಿಲ್ಲ, ತಿಂದು ಕಾಯಿಲೆ ಬೀಳುವ ಭಯವಿಲ್ಲ. ಮೇಲಿನ ಕಂದು ತೆನೆ ಬೆಂಕಿ ಹೊತ್ತಿಸಲು ಒದಗುತ್ತದೆ. ಮಾಂಸದ ಹಿಂದೆ ಓಡುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಒಲೆಗೆ 12 ಗಂಟೆಗಿಂತ ಹೆಚ್ಚಿನ ಉರುವಲು ಒಮ್ಮೆಗೆ ಹಿಡಿಸದು. ತುಂಬಿಸಿಟ್ಟು ಅದಕ್ಕಿಂತ ಕಡಿಮೆ ಹೊತ್ತು ಮಲಗಿದರೆ ಏಳುವಾಗ ಬೆಂಕಿ ಇನ್ನೂ ಇರುತ್ತದೆ. ನಾನು ಎದ್ದಾಗ ಕೆಂಡದ ಮೇಲೆ ಸಣ್ಣ ಜ್ವಾಲೆ ಆಡುತ್ತಿತ್ತು. ಅದರಿಂದ ಪಂಜು ಎಳೆದೆ.

ರೈಲು ಹಳಿ ಹಿಡಿದು ಜೌಗುಸೀಮೆಗೆ ಇಳಿದದ್ದೇ ಕಷ್ಟದ ನಿಜವಾದ ಭಾಗ. ಮಸ್ಕೆಗ್‌ನಲ್ಲಿ ಮರೆಯಿಲ್ಲ. ಮಂಜುಗಡ್ಡೆ ಕೆಲವು ಕಡೆ ತೆಳು. ಕಾಲಡಿ ಬಿರುಕಿನ ಸದ್ದಾದರೆ ಕೂಡಲೇ ಹಿಂದಕ್ಕೆ ಬರಬೇಕು. ಒಳಗೆ ಬಿದ್ದರೆ ಬಟ್ಟೆಯೆಲ್ಲ ತೊಯ್ದು, ಮೈಯ ಬಿಸಿ ಒಮ್ಮೆಗೇ ಸೊನ್ನೆ. ಇಳಿಜಾರಿನಲ್ಲಿ ಹೊರೆ ಮಿತಿ ಮೀರಿದ್ದರೆ ಕಾಲು ಉಳುಕುತ್ತದೆ. ಹಾಗಾಗಿ ದಾರಿಯಲ್ಲಿ ಹೆಕ್ಕಿಕೊಂಡಿದ್ದ ಸುತ್ತಿಗೆ, ಕಬ್ಬಿಣ, ಕಲ್ಲಿದ್ದಲು ಬಿಟ್ಟು ಮಿಕ್ಕ ಬಹಳಷ್ಟನ್ನು ಹಳಿಯ ಬದಿಯಲ್ಲೇ ಇಳಿಸಿದೆ. ಪಂಜನ್ನು ಗಾಳಿಗೆ ಅಡ್ಡವಾಗಿ ಹಿಡಿಯಲು ಆಟದಲ್ಲಿ ಉಪಾಯವಿಲ್ಲ. ಪ್ರತಿ ಬೀಸಿಗೂ ಉಸಿರು ಬಿಗಿಹಿಡಿದೆ. ತಿಂದ ಜೊಂಡು ಕರಗಿ, ಹೊಟ್ಟೆ ಬರಿದಾಗಿ, ಜೀವ ಅರ್ಧಕ್ಕಿಂತ ಕೆಳಗಿಳಿದಿತ್ತು.

ಆಗ ಒಂದು ಜಿಂಕೆ ಕಂಡಿತು, ಅದರಾಚೆ ಒಂದು ತೋಳ. ಬಿಲ್ಲಿಲ್ಲದವನಿಗೆ ಜಿಂಕೆ ಸಿಗುವುದು ಹೀಗೆಯೇ. ಈ ದ್ವೀಪದ ತೋಳಗಳು ಮನುಷ್ಯನನ್ನಷ್ಟೇ ಅಟ್ಟುವುದಿಲ್ಲ, ಜಿಂಕೆಯನ್ನೂ ಮೊಲವನ್ನೂ ಬೇಟೆಯಾಡುತ್ತವೆ. ನಾನು ದೊಡ್ಡ ಸುತ್ತು ಹಾಕಿ ಜಿಂಕೆಯ ಇನ್ನೊಂದು ಬದಿಗೆ ಬಂದು ಅದರತ್ತ ಓಡಿದೆ. ಅದು ಬೆದರಿ ನೇರ ತೋಳದ ಕಡೆಗೇ ನುಗ್ಗಿತು. ಎಲ್ಲ ಕ್ಷಣದಲ್ಲಿ ಮುಗಿಯಿತು. ಮುಂದಿನದು ನನ್ನ ಪಾಳಿ. ತೋಳ ತಿನ್ನುತ್ತಿದ್ದಾಗ ಪಂಜು ಎತ್ತಿಕೊಂಡು ನಿಧಾನವಾಗಿ ಮುಂದೆ ಹೋದೆ. ಅದು ಗುರುಗುಟ್ಟಿತು, ತಲೆ ಎತ್ತಿತು, ನನ್ನತ್ತ ಎರಡು ಹೆಜ್ಜೆ ಇಟ್ಟಿತು. ಮೌಸ್ ಹಿಡಿದ ನನ್ನ ಅಂಗೈ ಬೆವರಿ ಜಾರುತ್ತಿತ್ತು. ಉರಿಯುವ ಪಂಜನ್ನು ಅದರ ಕಾಲ ಬಳಿ ಎಸೆದೆ. ತೋಳ ತಿರುಗಿ ಓಡಿತು.

ಪಂಜು ಹಿಮದ ಮೇಲೆ ಇನ್ನೂ ಉರಿಯುತ್ತಿತ್ತು. ಎತ್ತಿಕೊಂಡು, ಕಳೇಬರದ ಪಕ್ಕದಲ್ಲೇ ಸೌದೆ ಜೋಡಿಸಿ, ತೋಟದ ಮನೆಯಿಂದ ತಂದ ಪುಸ್ತಕವನ್ನು ಮೊದಲ ಉರುವಲಾಗಿ ಇಟ್ಟೆ. ಪಂಜಿದ್ದರೂ ಬೆಂಕಿ ಹೊತ್ತೇ ಹೊತ್ತುತ್ತದೆ ಎಂದಿಲ್ಲ, ಪ್ರತಿ ಸಲವೂ ಒಂದು ಸಾಧ್ಯತೆಯ ಲೆಕ್ಕವಿರುತ್ತದೆ. ಪುಸ್ತಕ ಇಟ್ಟರೆ ಆ ಸಾಧ್ಯತೆ ಬಹಳ ಏರುತ್ತದೆ. ಹೊತ್ತಿತು. ಆ ಒಂದೇ ಬೆಂಕಿ ಎಲ್ಲ ಕೆಲಸ ಮಾಡಿತು: ತೋಳವನ್ನು ಹತ್ತಿರ ಬಿಡಲಿಲ್ಲ, ಕಳೇಬರ ಹೆಪ್ಪುಗಟ್ಟದಂತೆ ಕಾಯಿತು, ಬರಿಗೈಯಲ್ಲಿ ಮಾಂಸ ಬಿಡಿಸುವ ಅಷ್ಟು ಹೊತ್ತೂ ನನ್ನ ಮೈ ಬೆಚ್ಚಗಿಟ್ಟಿತು. ಜಿಂಕೆಯ ಮಾಂಸಕ್ಕೆ ಕರುಳಿನ ಹುಳುವಿನ ಭಯವಿಲ್ಲ. ತೋಳದ, ಕರಡಿಯ ಮಾಂಸಕ್ಕೆ ಅದಿದೆ, ಅಡುಗೆಯ ಕೌಶಲ ಐದನೆಯ ಮಟ್ಟಕ್ಕೆ ಏರುವವರೆಗೂ. ಬಿಡಿಸಿದ ಮಾಂಸವನ್ನೆಲ್ಲ ಅಲ್ಲೇ ಬೇಯಿಸಿದೆ. ಹಸಿಮಾಂಸ, ಹಸಿ ಕರುಳು ಹೊತ್ತು ನಡೆದರೆ ವಾಸನೆ ಹಿಡಿದು ಇನ್ನೊಂದು ತೋಳ ಬರುತ್ತದೆ. ಕರುಳನ್ನು ಮಾತ್ರ ಬಿಡಲಾಗಲಿಲ್ಲ, ಒಣಗಿಸಿದರೆ ಬಿಲ್ಲಿನ ಹೆದೆಗೆ ಬೇಕಲ್ಲ. ಹೊಟ್ಟೆ ತುಂಬ ಉಂಡೆ. ಎಷ್ಟೋ ರಾತ್ರಿಗಳ ನಂತರ ನಾನೂ ಕುರ್ಚಿಗೆ ಒರಗಿ ನೀರು ಕುಡಿದೆ.

ಸ್ಪೆನ್ಸ್ ಮನೆ ತಲುಪುವಾಗ ಹಿಮಗಾಳಿ ಶುರುವಾಗಿತ್ತು. ಪಂಜು ಬಾಗಿಲವರೆಗೂ ಬಂತು. ಕುಲುಮೆಯಲ್ಲಿ ಕೆಲಸ ಆಗಬೇಕಾದರೆ ಬೆಂಕಿ 150 ಡಿಗ್ರಿ ಮುಟ್ಟಬೇಕು, ಬರೀ ಸೌದೆಯಿಂದ ಅಲ್ಲಿಗೆ ಹೋಗುವುದು ಕಷ್ಟ. ಬೆಂಕಿ ಚೆನ್ನಾಗಿ ಹಿಡಿದ ಮೇಲೆ ಕಲ್ಲಿದ್ದಲನ್ನು ಒಂದೊಂದಾಗಿ ಹಾಕಿದೆ. ಒಂದೊಂದಕ್ಕೂ ಬಿಸಿ 20 ಡಿಗ್ರಿಯಂತೆ ಏರಿತು. ಮೊದಲು ಕೊಡಲಿ ಬಡಿದೆ. ಕೊಡಲಿಯಿಂದ ಬರಿಗೈಗೆ ಬಗ್ಗದ ದಪ್ಪ ಕೊಂಬೆಯನ್ನೂ ಕಡಿಯಬಹುದು, ಕಳೇಬರವನ್ನೂ ಬಿಡಿಸಬಹುದು. ಚಾಕುವಿಗೆ ಆ ಮೊದಲನೆಯ ಕೆಲಸ ಆಗದು. ಆಮೇಲೆ ಬಾಣದ ಮೊನೆಗಳು. ಬಾಣ ಮುರಿದರೂ ಮೊನೆಯನ್ನು ಬಿಚ್ಚಿ ಮತ್ತೆ ಬಳಸಬಹುದು, ಹಾಗಾಗಿ ಅವಕ್ಕೆ ಸುರಿದ ಇದ್ದಲು ವ್ಯರ್ಥವಾಗುವುದಿಲ್ಲ.

ಚಾಕುವಿಗೆ ಕಲ್ಲಿದ್ದಲು ಸಾಲಲಿಲ್ಲ. ಚಿಕ್ಕಪ್ಪನ ಮಗನಿಗೆ ಹೇಳಿದೆ. “ಚಾಕು ಇರ್ಲಿ ಬಿಡಣ್ಣಾ, ಕಡ್ಡಿ ಎಷ್ಟ್ ಉಳದಾವ?” ಅಂದ. ಗುಹೆಯಲ್ಲಿ ಗೀರಿದ್ದು ಬಿಟ್ಟು ಮಿಕ್ಕವೆಲ್ಲ ಇವೆ ಎಂದೆ. “ಹಂಗಾರ ಗಾಳಿ ನಿಂತ ಮ್ಯಾಲೆ ಹೊಂಡು. ಇದ್ದಲು ಗುಹೆದಾಗ ಮತ್ತ ಸಿಗ್ತದ.” ಕುಲುಮೆಯ ಬೆಂಕಿ ಆರುವ ಮೊದಲು ಅದರಿಂದ ಎರಡು ಪಂಜು ಎಳೆದಿಟ್ಟುಕೊಂಡು, ಗಾಳಿ ಇಳಿಯುವುದನ್ನು ಕಾಯುತ್ತ ಜಿಂಕೆಯ ಕರುಳನ್ನು ನೆಲದ ಮೇಲೆ ಒಣಗಲು ಹರಡಿದೆ.